ಯಾರ್ಕಿಗೆ ಹೋಗಿ ಕುಗ್ಗಿದ ಕಂಬಳಿ

ನಾನು ಒಂದು ಕರಿ ಕಂಬಳಿ. ಕರಿ ಎಂದರೆ ಬಣ್ಣದಲ್ಲಿ ಅದ್ದಿದ ಕರಿಯಲ್ಲ, ಕುರಿ ಹುಟ್ಟುವಾಗಲೇ ಮೈಮೇಲೆ ಹೊತ್ತು ತಂದ ಕರಿ. ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಕಂದು ಎಳೆಗಳು ಕಾಣುತ್ತವೆ. ಅದು ಮುಪ್ಪಿನಿಂದ ಬಂದದ್ದಲ್ಲ, ಕೆಲವು ಕುರಿಗಳ ಉಣ್ಣೆಯೇ ಹಾಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಿದವರು ಮಾಸಿದ ಕಂಬಳಿ ಎಂದುಕೊಂಡರೆ ನನಗೆ ಸೇರುವುದಿಲ್ಲ.

ನಾನು ಹುಟ್ಟಿದ್ದು ಚಳ್ಳಕೆರೆ ಸೀಮೆಯ ಒಂದು ಹಟ್ಟಿಯಲ್ಲಿ, ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ. ಕೆಂಚಮ್ಮ ಎಂಬ ತಾಯಿ ತನ್ನ ಮಗಳು ನಿಂಗಮ್ಮನ ಮದುವೆಗೆಂದು ಹನ್ನೊಂದು ಕುರಿಗಳ ಉಣ್ಣೆಯನ್ನು ತಾನೇ ಆರಿಸಿದಳು. ಹಳ್ಳದ ನೀರಿನಲ್ಲಿ ತೊಳೆದು, ಒಣಗಿಸಿ, ಬಿಲ್ಲಿನಿಂದ ಹಿಂಜಿ, ರಾಟೆಯ ಮುಂದೆ ಕೂತು ನೂತಳು. ನೂಲು ತುಂಡಾದಾಗಲೆಲ್ಲ ಮದುವೆಯ ಗಂಡಿಗೆ ಒಂದು ಬೈಗುಳ ಬೀಳುತ್ತಿತ್ತು. ಪಾಪ, ಅವನು ಏನೂ ಮಾಡಿರಲಿಲ್ಲ. ಅವಳ ಗಂಡ ಕರಿಯಪ್ಪ ಹುಣಸೆ ಬೀಜ ಅರೆದು, ಕುದಿಸಿ, ಗಂಜಿ ಮಾಡಿ ನೂಲಿಗೆ ಬಳಿದ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಒಂಬತ್ತು ದಿನ ನೇಯ್ದ. ಮಗ್ಗದಿಂದ ಇಳಿದಾಗ ನಾನು ಆರು ಮೊಳ ಉದ್ದ, ಮೂರು ಮೊಳ ಅಗಲ ಇದ್ದೆ. ಗಂಜಿಯ ದೆಸೆಯಿಂದ ಮೈ ಬಿರುಸಾಗಿತ್ತು. ಕೆಂಚಮ್ಮ ತನ್ನ ಕೈಯಿಂದಲೇ ಮೊಳ ಹಾಕಿ ನೋಡಿ, ಸರಿಯಾಗಿದೆ ಎಂದು ಒಪ್ಪಿಕೊಂಡಳು. ಅವಳು ಗಂಡನ ಕೆಲಸವನ್ನು ಬಾಯಿಬಿಟ್ಟು ಒಪ್ಪಿದ್ದು ಅದೊಂದೇ ಸಲ ಎಂದು ಕರಿಯಪ್ಪ ಕೊನೆತನಕ ಹೇಳಿಕೊಂಡು ತಿರುಗಿದ.

ಆರು ಮೊಳವೇ ಏಕೆ ಎಂದರೆ, ಅದಕ್ಕೊಂದು ಕಟ್ಟುಪಾಡು ಉಂಟು. ನಮ್ಮ ಹಟ್ಟಿಯಲ್ಲಿ ಧಾರೆಗೆ ಮಣೆ ಹಾಕುವುದಿಲ್ಲ, ಕಂಬಳಿ ಹಾಸುತ್ತಾರೆ. ಎರಡು ಮಡಿಕೆ ಮಾಡಿಯೇ ಹಾಸಬೇಕು. ಒಂಟಿ ಪದರ ಹಾಸುವುದು ಸತ್ತವರಿಗೆ ಮಾತ್ರ. ಮಡಿಸಿ ಹಾಸಿದ ಮೇಲೂ ಹೆಣ್ಣು ಗಂಡು ಇಬ್ಬರೂ ನೆಲ ಮುಟ್ಟದಂತೆ ಅದರ ಮೇಲೆ ಕೂರುವಂತಿರಬೇಕು. ಇನ್ನು ಮದುವೆಯ ಕಂಬಳಿಯನ್ನು ಯಾರೂ ಕಾಲಿನಿಂದ ತುಳಿಯಬಾರದು, ಕೂರುವವರು ಕೂಡ ಪಕ್ಕದಿಂದ ಸರಿದು ಕೂರಬೇಕು. ಹೀಗೆ ನನ್ನ ಮೇಲೆ ಹದಿನೆಂಟರ ನಿಂಗಮ್ಮನೂ ಮೈಲಾರಪ್ಪನೂ ಕೂತರು. ಒಬ್ಬರನ್ನೊಬ್ಬರು ನೋಡಿದವರಲ್ಲ. ನಾಚಿಕೆಯಿಂದ ಇಬ್ಬರೂ ಒಂದೊಂದು ಅಂಚಿಗೆ ಸರಿದು ಕೂತದ್ದರಿಂದ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯಿತು. ಅಕ್ಕಿಕಾಳೆಲ್ಲ ಆ ಜಾಗಕ್ಕೇ ಬಿದ್ದವು.

ಮದುವೆಯಾದ ಮೇಲೆ ನನ್ನನ್ನು ಪೆಟ್ಟಿಗೆಯಲ್ಲಿ ಇಟ್ಟು ಪೂಜೆ ಮಾಡಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಅಷ್ಟು ಸುಖ ಕಂಬಳಿಗೆ ಎಲ್ಲಿಂದ ಬರಬೇಕು? ಮೈಲಾರಪ್ಪ ಕುರಿ ಹೊಡೆದುಕೊಂಡು ಹೊರಟಾಗ ನಾನೂ ಅವನ ಹೆಗಲ ಮೇಲೆ ಹೊರಟೆ. ಮಳೆ ಬಂದರೆ ಅವನು ನನ್ನ ಒಂದು ತುದಿಯನ್ನು ಮಡಚಿ ಮೂಲೆ ಮಾಡಿ ತಲೆಗೆ ಹಾಕಿಕೊಳ್ಳುತ್ತಿದ್ದ. ಅದಕ್ಕೆ ಕೊಪ್ಪೆ ಎನ್ನುತ್ತಾರೆ. ಹೊಲಿಗೆ ಬೇಡ, ಗುಂಡಿ ಬೇಡ, ತಲೆಯಿಂದ ಮೊಣಕಾಲವರೆಗೂ ಮರೆಯಾಗುತ್ತದೆ. ಹೀಗೆ ಎಂಟು ವರ್ಷ ತಿರುಗಿದೆವು. ಅವರ ಮಗಳು ರೇಣುಕ ಹುಟ್ಟಿದಾಗ ನನ್ನನ್ನೇ ಬೇವಿನ ಕೊಂಬೆಗೆ ಜೋಲಿ ಕಟ್ಟಿದರು. ಆ ಕೂಸು ನನ್ನ ಅಂಚಿನ ದಸಿಗಳನ್ನು ಚೀಪಿ ಚೀಪಿ ಒಂದು ಮೂಲೆಯನ್ನೇ ಬೋಳು ಮಾಡಿತು. ಆ ಮೂಲೆ ಈಗಲೂ ಹಾಗೇ ಇದೆ. ಬೇರೆ ಯಾರಾದರೂ ಮಾಡಿದ್ದರೆ ನಾನು ಕ್ಷಮಿಸುತ್ತಿರಲಿಲ್ಲ.

ರೇಣುಕ ಬೆಳೆದು ಚಿತ್ರದುರ್ಗದ ಹಾಸ್ಟೆಲಿಗೆ ಹೋದಳು, ದಾವಣಗೆರೆಯಲ್ಲಿ ನರ್ಸ್ ಓದಿದಳು, ಇನ್ನೇನೋ ಪರೀಕ್ಷೆ ಬರೆದು ಇಂಗ್ಲೆಂಡಿನ ಯಾರ್ಕ್ ಎಂಬ ಊರಿನ ಆಸ್ಪತ್ರೆ ಸೇರಿದಳು. ಹೋಗುವಾಗ ನನ್ನನ್ನೂ ಕೊಡೆಂದು ತಾಯಿಯನ್ನು ಕೇಳಿದಳು. ನಿಂಗಮ್ಮ ಕೊಡಲಿಲ್ಲ. ಕಂಬಳಿ ನಿನ್ನ ಮದುವೆಗೆ ಹಾಸೋದು, ಅಲ್ಲೀತಂಕ ಮನೇಲಿರಲಿ ಎಂದು ಬೇವಿನ ಸೊಪ್ಪು ಹಾಕಿ ಟ್ರಂಕಿನಲ್ಲಿ ಇಟ್ಟಳು. ಆರು ವರ್ಷ ಕತ್ತಲಲ್ಲಿ ಬೇವಿನ ವಾಸನೆ ಕುಡಿದುಕೊಂಡು ಬಿದ್ದಿದ್ದೆ.

ಆಮೇಲೆ ಒಂದು ದಿನ ಫೋನು ಬಂತು. ಮಾರ್ಟಿನ್ ಎಂಬ ಅಲ್ಲಿನವನನ್ನು ಮದುವೆಯಾಗಬೇಕೆಂದಿದ್ದೇನೆ, ಅದೇ ಆಸ್ಪತ್ರೆಯಲ್ಲಿ ರೋಗಿಗಳನ್ನು ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋಗುವ ಕೆಲಸ ಮಾಡುತ್ತಾನೆ ಎಂದು ರೇಣುಕ ಹೇಳಿದಳು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಮೈಲಾರಪ್ಪ ತೀರ್ಮಾನ ಹೇಳಿದ. ಕುರಿ ಮರಿ ಹಾಕುವ ಕಾಲ, ತಾನು ಬಿಟ್ಟು ಬರಲಾರೆ. ನಿಂಗಮ್ಮ ಹೋಗಿ ಹುಡುಗನನ್ನು ಕಣ್ಣಾರೆ ನೋಡಿ ಬರಲಿ, ಅವಳು ಹೂಂ ಎಂದರೆ ತಾನೂ ಹೂಂ, ಅವಳು ಊಹೂಂ ಎಂದರೆ ಮಾತು ಮುಗಿಯಿತು. ರೇಣುಕನೂ ಅದಕ್ಕೆ ಒಪ್ಪಿದಳು. ಹೀಗೆ ಒಂದು ಮದುವೆಯ ಗತಿ ಐವತ್ತೆಂಟು ವರ್ಷದ, ಬಳ್ಳಾರಿ ಆಚೆ ಕಾಣದ ನಿಂಗಮ್ಮನ ಬಾಯಲ್ಲಿ ನಿಂತಿತು. ಅವಳು ಟ್ರಂಕು ತೆಗೆದು ನನ್ನನ್ನು ಚೀಲಕ್ಕೆ ತುರುಕಿದಳು. ಹುಡುಗ ಒಪ್ಪಿಗೆಯಾದರೆ ಕಂಬಳಿ ಮಗಳ ಕೈಗೆ, ಇಲ್ಲವಾದರೆ ತನ್ನ ಜೊತೆಗೇ ವಾಪಸ್ಸು ಎಂದು ಗಂಡನಿಗೆ ಹೇಳಿ ವಿಮಾನ ಹತ್ತಿದಳು.

ಫೆಬ್ರವರಿ ತಿಂಗಳು. ಯಾರ್ಕಿನ ಚಳಿ ನಮ್ಮ ಕಡೆಯ ಚಳಿಯಂತೆ ಬಂದು ಹೋಗುವುದಲ್ಲ, ಬಂದು ಕೂರುವುದು. ಊರಿನ ಸುತ್ತ ಹಳೆಯ ಕಲ್ಲಿನ ಕೋಟೆ, ನಡುವೆ ಇನ್ನೊಂದು ಕಟ್ಟಲು ಕಲ್ಲು ಸಾಲದು ಅನ್ನಿಸುವಷ್ಟು ದೊಡ್ಡ ಚರ್ಚು, ಅದರ ಸುತ್ತ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿಗಳು. ನಿಂಗಮ್ಮ ಕೋಟೆಯನ್ನು ನೋಡಿ ಚಿತ್ರದುರ್ಗದ್ದಕ್ಕಿಂತ ಗಿಡ್ಡ ಎಂದಳು. ಅಷ್ಟು ಹೇಳಿದ ಮೇಲೆ ಅವಳಿಗೆ ಊರಿನ ಮೇಲಿನ ಅಂಜಿಕೆ ಸ್ವಲ್ಪ ಕಡಿಮೆಯಾಯಿತು.

ಮಾರ್ಟಿನ್ ಅದೇ ಸಂಜೆ ಬಂದ. ಬಾಗಿಲಿಗೆ ತಲೆ ತಗ್ಗಿಸಿ ಒಳಬರುವಷ್ಟು ಎತ್ತರ, ಕೆಂಚು ಗಡ್ಡ, ಹೆಂಗಸರಂತೆ ಹಿಂದಕ್ಕೆ ಕಟ್ಟಿದ ಕೂದಲು. ಕೈಮುಗಿದು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. "ನಮಸ್ಕಾರ ಅತ್ತೆ."

ನಿಂಗಮ್ಮ ಮಗಳ ಕಡೆ ತಿರುಗಿ, "ನಾನಿನ್ನೂ ಹೂಂ ಅಂದಿಲ್ಲ, ಆಗ್ಲೇ ಅತ್ತೆ ಅಂತಾನಲ್ಲ" ಎಂದಳು.

ಆದರೂ ಅವನು ಬೂಟು ಹೊರಗೆ ಬಿಟ್ಟು ಬಂದದ್ದನ್ನು ಅವಳು ಗಮನಿಸಿದ್ದಳು. ನಾನು ಅವಳ ಕಾಲಿನ ಮೇಲೆಯೇ ಇದ್ದದ್ದರಿಂದ ಅದು ನನಗೂ ಗೊತ್ತಾಯಿತು. ಮಾತಾಡುತ್ತಾ ಅವನ ಕಣ್ಣು ನನ್ನ ಮೇಲೆ ಬಿತ್ತು. ತಕ್ಷಣ ಮೊಣಕಾಲೂರಿ ಕೂತು ನನ್ನ ಒಂದು ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಮೂಸಿ ನೋಡಿದ. ಇದು ಕೈಯಲ್ಲಿ ನೂತದ್ದೇ, ಕೈಯಲ್ಲಿ ನೇಯ್ದದ್ದೇ ಎಂದು ರೇಣುಕನನ್ನು ನಾಲ್ಕು ಸಲ ಕೇಳಿದ. ನನ್ನನ್ನು ಅಷ್ಟು ಆಸೆಯಿಂದ ಯಾರೂ ನೋಡಿರಲಿಲ್ಲ. ಸುಳ್ಳೇಕೆ ಹೇಳಲಿ, ನಾನು ಅಲ್ಲೇ ಸೋತೆ.

ಅವನ ಹುಚ್ಚು ಏನೆಂದು ರೇಣುಕ ತಾಯಿಗೆ ಬಿಡಿಸಿ ಹೇಳಿದಳು. ಸಾವಿರ ವರ್ಷಕ್ಕೂ ಹಿಂದೆ ವೈಕಿಂಗರೆಂಬ ಜನ ಉತ್ತರದ ಸಮುದ್ರ ದಾಟಿ ಹಡಗಿನಲ್ಲಿ ಈ ಊರಿಗೆ ಬಂದರು. ಬಂದದ್ದು ಲೂಟಿಗೆ. ಆಮೇಲೆ ಇಲ್ಲೇ ಮನೆ ಕಟ್ಟಿ, ಬಾಚಣಿಗೆ ಕೊರೆದು, ಬಟ್ಟೆ ನೇಯ್ದು, ಮಕ್ಕಳು ಮರಿಯಾಗಿ ಊರಿನವರೇ ಆಗಿಹೋದರು. ಅವರ ನೆನಪಿಗೆ ಪ್ರತಿ ಫೆಬ್ರವರಿಯಲ್ಲಿ ಹಬ್ಬ. ಎಲ್ಲೆಲ್ಲಿಂದಲೋ ಜನ ಆ ಕಾಲದ ಉಡುಪು ತೊಟ್ಟು ಬಂದು ಗುಡಾರ ಹಾಕುತ್ತಾರೆ, ಕತ್ತಿ ಗುರಾಣಿ ಹಿಡಿದು ಮೆರವಣಿಗೆ ಹೋಗುತ್ತಾರೆ. ಮಾರ್ಟಿನ್ ಕತ್ತಿ ಹಿಡಿಯುವವನಲ್ಲ. ಅವನ ಗುಂಪಿನಲ್ಲಿ ಉಣ್ಣೆಯ ಕೆಲಸ ಅವನದು.

ನಿಂಗಮ್ಮ ಎಲ್ಲ ಕೇಳಿ, ದೊಡ್ಡವರೆಲ್ಲ ವೇಷ ಹಾಕ್ತಾರಾ ಎಂದು ಒಂದು ಸಲ ಕೇಳಿದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಅನಾಹುತ ನಡೆದದ್ದು ಎರಡು ದಿನ ಬಿಟ್ಟು. ರೇಣುಕ ಕೆಲಸಕ್ಕೆ ಹೋಗಿದ್ದಳು. ಊರು ಬದಲಾಗಿ ನಿದ್ದೆ ಕೆಟ್ಟ ನಿಂಗಮ್ಮ ಹಗಲಲ್ಲಿ ಮಲಗಿದ್ದಳು. ಮನೆಗೆ ತರಕಾರಿ ತಂದುಕೊಟ್ಟ ಮಾರ್ಟಿನ್ ಕುರ್ಚಿಯ ಮೇಲಿದ್ದ ನನ್ನನ್ನು ನೋಡಿ ನಿಂತ. ಮತ್ತೆ ಮುಟ್ಟಿದ. ನನ್ನ ಬಿರುಸು ಮೈ, ಬಿಡಿಬಿಡಿಯಾದ ನೇಯ್ಗೆ ಅವನ ಮನಸ್ಸಿನಲ್ಲಿ ಏನೋ ಹುಟ್ಟಿಸಿತು. ಅವನಿಗೆ ತಿಳಿದ ಪ್ರಕಾರ ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಅರ್ಧ ಕೆಲಸ ಮಾತ್ರ. ಅದನ್ನು ಬಿಸಿನೀರಲ್ಲಿ ಹಾಕಿ, ಕಾಲಿನಿಂದ ತುಳಿದು ತುಳಿದು, ಎಳೆಗೆ ಎಳೆ ಕಚ್ಚಿಕೊಳ್ಳುವಂತೆ ಮಾಡಿದ ಮೇಲೆಯೇ ಅದು ಬಟ್ಟೆ. ಚಳಿಯ ದೇಶದವರು ಹಾಗೆ ಮಾಡುತ್ತಾರಂತೆ. ನಮ್ಮ ಕಡೆ ಹುಣಸೆ ಬೀಜದ ಗಂಜಿ ಮಾಡುವ ಕೆಲಸವನ್ನು ಇವರಲ್ಲಿ ಕಾಲುಗಳು ಮಾಡುತ್ತವೆ. ಪಾಪ, ಅವನಿಗೆ ಗಂಜಿಯ ವಿಷಯ ಯಾರು ಹೇಳಿದ್ದರು? ಅತ್ತೆಯ ಮನೆಯವರಿಗೆ ಈ ಕಂಬಳಿಯನ್ನು ಪೂರ್ತಿ ಮಾಡಲು ಪುರುಸೊತ್ತಾಗಿಲ್ಲ, ತಾನೇ ಮಾಡಿ ಮುಗಿಸಿ ಅಚ್ಚರಿಗೊಳಿಸಬೇಕು ಎಂದುಕೊಂಡ. ಕಂಬಳಿ ತನ್ನ ಹತ್ತಿರ ಇದೆ ಎಂದಷ್ಟೇ ರೇಣುಕನಿಗೆ ಚೀಟಿ ಬರೆದಿಟ್ಟ.

ನನ್ನನ್ನು ಅವನ ಗುಂಪಿನವರ ಕೊಟ್ಟಿಗೆಗೆ ಒಯ್ದು ಮರದ ತೊಟ್ಟಿಯಲ್ಲಿ ಹಾಕಿದರು. ಮೇಲಿಂದ ಬಿಸಿನೀರು ಸುರಿದರು. ನಲವತ್ತು ವರ್ಷದಲ್ಲಿ ನಾನು ಬಿಸಿನೀರು ಕಂಡದ್ದಿಲ್ಲ. ಗಂಜಿ ಕರಗಿ ಹೋಯಿತು. ಎಷ್ಟೋ ಮಳೆಗೆ ಬಗ್ಗದ ಗಂಜಿ ಅದು. ಆಮೇಲೆ ಮಾರ್ಟಿನ್ ಮತ್ತು ಅವನ ಇಬ್ಬರು ಗೆಳೆಯರು ಪ್ಯಾಂಟು ಮೇಲೆ ಮಡಚಿ ಒಳಗಿಳಿದರು. ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಹಾಡು ಹೇಳಿಕೊಂಡು ತುಳಿದರು. ಮದುವೆಯ ಕಂಬಳಿಯನ್ನು ಆರು ಕಾಲುಗಳು ಎರಡು ತಾಸು ತುಳಿದವು. ಅವರಿಗೆ ಎಷ್ಟು ಸಂತೋಷವೆಂದರೆ, ನನಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ನಾನು ಒಳಗೊಳಗೇ ಬಿಗಿದುಕೊಂಡೆ. ಎಳೆಗಳೆಲ್ಲ ಒಂದರ ಕತ್ತು ಒಂದು ಹಿಡಿದುಕೊಂಡವು.

ಒಣಗಿದ ಮೇಲೆ ನನ್ನನ್ನು ಮಡಚಿ, ಕೆಂಪು ಟೇಪು ಕಟ್ಟಿ, ಹಬ್ಬದ ಹಿಂದಿನ ದಿನ ಮಧ್ಯಾಹ್ನ ತಂದು ನಿಂಗಮ್ಮನ ಮುಂದಿಟ್ಟ. ಮುಖದ ತುಂಬ ನಗು.

ನಿಂಗಮ್ಮ ಟೇಪು ಬಿಚ್ಚಿ ನನ್ನನ್ನು ಹಾಸಿದಳು. ಮೆತ್ತಗೆ, ದಪ್ಪಗೆ, ಅವಳು ಕಂಡರಿಯದ ಏನೋ ಒಂದಾಗಿ ನಾನು ಅವಳೆದುರು ಬಿದ್ದಿದ್ದೆ. ರೇಣುಕ ಚೀಪಿದ ಬೋಳು ಮೂಲೆ ಕಂಡ ಮೇಲೆಯೇ ಅವಳಿಗೆ ನಾನು ಯಾರೆಂದು ಗುರುತು ಸಿಕ್ಕಿದ್ದು. ಮೊಳಕೈ ಊರಿ ಅಳೆದಳು. ಉದ್ದ ನಾಲ್ಕು ಮೊಳ. ಅಗಲ ಎರಡು. ಇನ್ನೊಂದು ಸಲ ಅಳೆದಳು, ಮೊಳ ಜಾಸ್ತಿಯಾಗಲಿಲ್ಲ. ಮಡಚಿದಳು. ಎರಡಕ್ಕೆ ಎರಡು. ಒಬ್ಬರು ಆರಾಮಾಗಿ ಕೂರಬಹುದು, ಇಬ್ಬರು ಕೂರುವಂತಿಲ್ಲ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕೆಂಚಮ್ಮ ಸತ್ತು ಹನ್ನೆರಡು ವರ್ಷವಾಗಿತ್ತು. ಅವಳು ನೂತ ನೂಲು ಉಳಿದದ್ದು ನನ್ನಲ್ಲಿ ಮಾತ್ರ. ನಿಂಗಮ್ಮನ ಬೆರಳು ನನ್ನ ಮೈಯಲ್ಲಿ ಆ ನೂಲನ್ನು ಹುಡುಕುತ್ತಿತ್ತು, ಒಂದು ಎಳೆಯೂ ಬೇರೆಯಾಗಿ ಸಿಗುತ್ತಿರಲಿಲ್ಲ. ನನಗೂ ಅಳು ಬಂತು, ಆದರೆ ಕಂಬಳಿ ಹೇಗೆ ಅಳುತ್ತದೆ?

ಸಂಜೆ ಬಂದ ರೇಣುಕ ಮಾರ್ಟಿನ್‌ಗೆ ಎಲ್ಲವನ್ನೂ ಹೇಳಿದಳು. ಗಂಜಿ, ಮಡಿಕೆ, ಮದುವೆ, ಕಾಲು. ಅವನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಗಡ್ಡಕ್ಕಿಂತ ಕೆಂಪಾಯಿತು. ತಲೆ ತಗ್ಗಿಸಿ ಹೊರಟುಹೋದ. ಅವನು ಹೋದ ಮೇಲೆ ನಿಂಗಮ್ಮ ಕೇಳಿದ್ದು ಒಂದೇ ಮಾತು.

"ನನ್ ಟಿಕೇಟು ಯಾವತ್ತೈತೆ?"

"ನಾಲ್ಕು ದಿನ ಐತವ್ವ." ರೇಣುಕ ತಾಯಿಯ ಪಕ್ಕ ನೆಲದ ಮೇಲೆ ಕೂತಳು. "ನಾಳೆ ಒಂದಿನ ಹಬ್ಬಕ್ಕೆ ಬಾ. ಆಮ್ಯಾಕೆ ನೀನು ಬ್ಯಾಡ ಅಂದ್ರೆ ಬ್ಯಾಡ. ನಾನು ಎದುರಾಡಾಕಿಲ್ಲ."

ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಗಾಳಿಗೆ ರೇಣುಕನ ಕೊಡೆ ಎರಡು ಬೀದಿ ದಾಟುವುದರೊಳಗೆ ಕಡ್ಡಿ ಮುರಿದುಕೊಂಡಿತು. ನಿಂಗಮ್ಮ ಚೀಲದಿಂದ ನನ್ನನ್ನು ತೆಗೆದು ಕೊಪ್ಪೆ ಹಾಕಿಕೊಂಡಳು. ಕುಗ್ಗಿದ್ದರಿಂದ ಸೊಂಟಕ್ಕೇ ನಿಂತೆ. ಕೆಳಗೆ ಇಳಕಲ್ ಸೀರೆ, ಅದರ ಕೆಳಗೆ ಮಗಳು ಕೊಡಿಸಿದ ಬಿಳಿ ಸ್ಪೋರ್ಟ್ಸ್ ಶೂ. ಹಾಗೆ ನಾವು ವೈಕಿಂಗರ ಹಬ್ಬಕ್ಕೆ ಹೋದೆವು.

ಓಣಿಯ ತುಂಬ ಗಡ್ಡ. ಗುರಾಣಿ ಹಿಡಿದವರು, ತೋಳದ ಚರ್ಮ ಹೊದ್ದವರು, ಕೊಡಲಿ ಹೆಗಲಿಗೇರಿಸಿ ಮಗುವಿಗೆ ಹಾಲಿನ ಬಾಟಲಿ ಹಿಡಿದವರು. ಡೋಲು ಬಡಿಯುತ್ತಾ, ಕೂಗು ಹಾಕುತ್ತಾ ಮೆರವಣಿಗೆ ಹೋಯಿತು. ನಿಂಗಮ್ಮ ಮೊದಲು ಮಗಳ ಕೈ ಹಿಡಿದುಕೊಂಡಳು. ಕೊಡಲಿಯವನೊಬ್ಬ ಅವಳಿಗೆ ದಾರಿ ಬಿಟ್ಟು ತಲೆ ಬಾಗಿದ ಮೇಲೆ ಕೈ ಬಿಟ್ಟಳು. ಆಮೇಲೆ ಆ ಕಾಲದ ವಸ್ತುಗಳನ್ನು ನೋಡಲು ಇಟ್ಟ ಕಡೆ ಹೋದೆವು. ಅಲ್ಲಿ ಗಾಜಿನೊಳಗೆ ಒಂದು ಉಣ್ಣೆಯ ಕಾಲುಚೀಲ ಇತ್ತು. ಸಾವಿರ ವರ್ಷದ್ದು, ಆ ಊರಿನ ಮಣ್ಣಿನಡಿ ಸಿಕ್ಕಿದ್ದು, ಒಂದೇ ಕಾಲಿನದು. ನಿಂಗಮ್ಮ ಅದರ ಮುಂದೆ ಬಹಳ ಹೊತ್ತು ನಿಂತಳು. ಇನ್ನೊಂದು ಕಾಲಿಗೆ ಅದನ್ನು ತೊಟ್ಟವಳು ಏನು ಮಾಡಿದಳೋ ಎಂದು ಮರುಗಿದಳು. ನಾನು ಮಾತ್ರ ಆ ಕಾಲುಚೀಲವನ್ನು ಗೌರವದಿಂದ ನೋಡಿದೆ. ನನ್ನದು ನಲವತ್ತು ವರ್ಷವೆಂದು ಬೀಗುತ್ತಿದ್ದೆನಲ್ಲ, ಸ್ವಲ್ಪ ಬಾಯಿ ಮುಚ್ಚಿಕೊಂಡೆ.

ಗುಡಾರಗಳಿದ್ದ ಬಯಲಿನ ಬಾಗಿಲಲ್ಲಿ ಒಬ್ಬ ಹೆಂಗಸು ಪಟ್ಟಿ ಹಿಡಿದು ನಿಂತಿದ್ದಳು. ವೇಷಧಾರಿಗಳ ಉಡುಪು ತಪಾಸಣೆ ಅವಳ ಕೆಲಸ. ಮಿಷನ್ ಹೊಲಿಗೆ, ಜಿಪ್ಪು, ಪ್ಲಾಸ್ಟಿಕ್ ಗುಂಡಿ ಕಂಡರೆ ಒಳಗೆ ಬಿಡುತ್ತಿರಲಿಲ್ಲ. ನಮ್ಮ ಕಣ್ಣೆದುರೇ ಒಬ್ಬ ಮಹಾಶೂರನ ಕನ್ನಡಕ ತೆಗೆಸಿದಳು, ಅವನು ತಡವರಿಸಿಕೊಂಡು ಯುದ್ಧಕ್ಕೆ ಹೋದ. ನಿಂಗಮ್ಮನನ್ನೂ ವೇಷದವಳೆಂದೇ ತಿಳಿದು ತಡೆದಳು. ನನ್ನ ಅಂಚು ಹಿಡಿದು ನೋಡಿದಳು, ಒಳಗೆ ತಿರುವಿ ನೋಡಿದಳು. ಇಡೀ ಬಯಲಿನಲ್ಲಿ ತಪ್ಪಿಲ್ಲದ ಬಟ್ಟೆ ಇದೊಂದೇ, ನೀವು ಯಾವ ಗುಂಪಿನವರು ಎಂದು ಕೇಳಿದಳು. ಅಷ್ಟರಲ್ಲಿ ಅವಳ ಕಣ್ಣು ಬಿಳಿ ಶೂ ಮೇಲೆ ಬಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು, ಒಳಗೆ ಹೋಗಿ ಎಂದು ಕೈ ಮಾಡಿದಳು.

ರೇಣುಕ ಇದನ್ನೆಲ್ಲ ಕನ್ನಡದಲ್ಲಿ ಹೇಳಿದಳು. ನಿಂಗಮ್ಮ ಹೊಗಳಿಕೆಗೆ ಕರಗುವವಳಲ್ಲ. ಆದರೆ ಒಂದು ಸಲ ಕೈ ಒಳಗೆ ಹಾಕಿ ತಲೆಗೂದಲು ಮುಟ್ಟಿ ನೋಡಿಕೊಂಡಳು. ಬೆಳಗಿನಿಂದ ಮಳೆಯಲ್ಲಿ ತಿರುಗಿದ್ದರೂ ಒಂದು ಹನಿ ಒಳಗೆ ಬಿಟ್ಟಿರಲಿಲ್ಲ ನಾನು.

ಮಾರ್ಟಿನ್ ತನ್ನ ಗುಡಾರದ ಮುಂದೆ ನಿಂತಿದ್ದ. ಅವನ ಹಿಂದೆ ಗೋಡೆಗೆ ಒರಗಿಸಿದಂತೆ ನೆಟ್ಟಗೆ ನಿಂತ ಒಂದು ಮಗ್ಗ, ನೂಲಿನ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದರು. ಸುತ್ತ ಮೂವತ್ತು ನಲವತ್ತು ಜನ. ಉಣ್ಣೆ ತುಳಿಯುವ ಕೆಲಸದ ಬಗ್ಗೆ ಹೇಳುತ್ತಿದ್ದವನು ನಮ್ಮನ್ನು ಕಂಡು ತಡೆದು ನಿಂತ. ಆಮೇಲೆ ಮತ್ತೆ ಶುರುಮಾಡಿದ, ದನಿ ಬೇರೆಯಾಗಿತ್ತು. ರೇಣುಕ ಕಿವಿಯಲ್ಲಿ ಒಂದೊಂದೇ ಮಾತು ಕನ್ನಡ ಮಾಡಿ ಹೇಳಿದಳು. ಹತ್ತು ವರ್ಷದಿಂದ ಇಲ್ಲಿ ನಿಂತು ಜನರಿಗೆ ಉಣ್ಣೆಯ ಪಾಠ ಹೇಳುತ್ತಿದ್ದೇನೆ. ಈ ವಾರ ನಾನು ಕಂಡ ಅತ್ಯಂತ ಒಳ್ಳೆಯ ಕಂಬಳಿಯನ್ನು ನಾನೇ ಹಾಳು ಮಾಡಿದೆ. ಅದನ್ನು ಮಾಡಿದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆಂದುಕೊಂಡೆ. ಅವರು ಮುಗಿಸಿದ್ದರು, ನನಗೆ ಗೊತ್ತಾಗಲಿಲ್ಲ. ಅದು ಒಬ್ಬ ತಾಯಿ ಮಗಳ ಮದುವೆಗೆ ನೂತದ್ದು.

ನಿಂಗಮ್ಮ ಜನರ ನಡುವಿನಿಂದ ಮುಂದೆ ಬಂದಳು. ಕೊಪ್ಪೆ ತೆಗೆದಳು. ಕೊಡವಿ, ಎರಡು ಮಡಿಕೆ ಮಾಡಿ, ಗುಡಾರದ ಮುಂದೆ ಕೆಸರು ಹುಲ್ಲಿನ ಮೇಲೆ ನನ್ನನ್ನು ಹಾಸಿದಳು.

"ಕೂತ್ಕಳ್ರಿ ಇಬ್ರೂವೆ. ಹಿಡೀತದಾ ನೋಡಾನ."

ಇನ್ನು ಮುಂದಿನದು ನನಗೆ ಮಾತ್ರ ಸರಿಯಾಗಿ ಗೊತ್ತಿರುವ ಸಂಗತಿ. ಮೇಲಿನಿಂದ ನೋಡಿದವರಿಗೆ ಇಬ್ಬರೂ ನನ್ನ ಮೇಲೆ ಕೂತಂತೆ ಕಂಡಿತು. ಮಾರ್ಟಿನ್ ಪಕ್ಕದಿಂದ ಸರಿದು ಕೂತ, ರೇಣುಕ ಹೇಳಿಕೊಟ್ಟಿದ್ದಿರಬೇಕು. ಕೂತವನು ತನ್ನ ಎಡ ತೊಡೆಯನ್ನು ಪೂರ್ತಿ ಕೆಸರಿಗೆ ಬಿಟ್ಟ. ಎಡಗೈಯನ್ನು ಹಿಂದೆ ನೆಲಕ್ಕೆ ಊರಿ ಮೈಭಾರವನ್ನೆಲ್ಲ ಆ ಕೈಗೆ ಹಾಕಿದ, ರೇಣುಕನಿಗೆ ಜಾಗವಾಗಲಿ ಎಂದು. ನನ್ನ ಮೇಲೆ ಬಿದ್ದದ್ದು ಅವನ ಭಾರದ ಕಾಲು ಪಾಲೂ ಅಲ್ಲ. ಅತ್ತ ರೇಣುಕನ ಕಥೆಯೂ ಅದೇ. ಅವನಿಗೆ ಜಾಗವಾಗಲಿ ಎಂದು ಅವಳು ಬಲಕ್ಕೆ ಸರಿದು ಸರಿದು ಅರ್ಧ ಹುಲ್ಲಿನ ಮೇಲಿದ್ದಳು. ಇಬ್ಬರೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟು, ಕೊನೆಗೆ ನಡುವೆ ನನ್ನ ಮೈ ಒಂದು ಗೇಣಷ್ಟು ಖಾಲಿಯೇ ಉಳಿಯಿತು. ಇಷ್ಟು ಚಿಕ್ಕ ಕಂಬಳಿಯಲ್ಲೂ ಜಾಗ ಉಳಿಸಿದ ಪುಣ್ಯಾತ್ಮರು.

ನಿಂಗಮ್ಮ ಅವಸರ ಮಾಡಲಿಲ್ಲ. ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಮಳೆ ಸಣ್ಣಗೆ ಬೀಳುತ್ತಲೇ ಇತ್ತು. ಮಾರ್ಟಿನ್‌ನ ಊರಿದ ಕೈ ಮಣಿಕಟ್ಟಿನವರೆಗೂ ಕೆಸರಲ್ಲಿ ಹೂತಿತು, ಅವನು ಅಲ್ಲಾಡಲಿಲ್ಲ. ಅವಳಿಗೆ ಹೇಳೋಣವೆಂದರೆ ನನಗೆ ಬಾಯಿಲ್ಲ. ಜೀವಮಾನದಲ್ಲಿ ಅದೊಂದು ಗಳಿಗೆ ಬಾಯಿ ಬೇಕೆನಿಸಿತು.

"ಏಳ್ರಿ" ಎಂದಳು ಕೊನೆಗೆ.

ಎದ್ದರು. ಅವನ ಎಡಗಡೆ ಸೊಂಟದಿಂದ ಹಿಮ್ಮಡಿಯವರೆಗೂ ಕೆಸರು. ಮಗಳ ಬಲಗಡೆ ಚೂಡಿದಾರದ ತುಂಬ ಕೆಸರು. ನಿಂಗಮ್ಮ ಅವನನ್ನು ನೋಡಿದಳು, ಇವಳನ್ನು ನೋಡಿದಳು, ಬಗ್ಗಿ ನನ್ನನ್ನು ನೋಡಿದಳು. ನಡುವೆ ನನ್ನ ಮೈ ಒಂದು ಗೇಣಷ್ಟು ಯಾರೂ ಕೂರದೆ ಉಬ್ಬಿಕೊಂಡೇ ಇತ್ತು. ಅವಳಿಗೆ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅದೇ ಸೆರಗಿನಿಂದ ಮಾರ್ಟಿನ್‌ನ ಕೈಯ ಕೆಸರು ಒರೆಸಿದಳು. ಇಳಕಲ್ ಸೀರೆಯ ಸೆರಗು ಅದು, ಅವಳು ಅದರಲ್ಲಿ ಸ್ವಂತ ಮುಖವನ್ನೂ ಒರೆಸಿಕೊಂಡವಳಲ್ಲ.

ಅಲ್ಲಿಂದಲೇ ಮಗಳ ಫೋನಿನಲ್ಲಿ ಹಟ್ಟಿಗೆ ಮಾತಾಡಿದಳು. ನಾನು ಅವಳ ಹೆಗಲ ಮೇಲಿದ್ದೆ, ಎರಡೂ ಕಡೆಯ ಮಾತು ಕೇಳಿಸಿತು.

"ಹುಡುಗ ಆಗ್ತಾನೆ. ಕಂಬಳಿ ಮಾತ್ರ ಹೋತು" ಎಂದಳು.

ಫೋನಿನಾಚೆ ಕುರಿಗಳು ಅರಚುತ್ತಿದ್ದವು. ಮೈಲಾರಪ್ಪ, "ಹೋದ್ರೆ ಹೋಗ್ಲಿ ಬಿಡು. ಕುರಿ ಅದಾವೆ" ಎಂದ.

ಅವನ ಮಾತು ಸರಿಯೇ. ಆದರೂ ನನಗೆ ಬೇಜಾರಾಯಿತೆಂದು ಒಪ್ಪಿಕೊಳ್ಳುತ್ತೇನೆ. ಹೋತು ಎಂದರೆ? ನಾನು ಹೆಗಲ ಮೇಲೇ ಇದ್ದೆನಲ್ಲ.

ಈಗ ನಾನು ಯಾರ್ಕಿನಲ್ಲಿ ರೇಣುಕನ ಮನೆಯ ಕಿಟಕಿಯ ಪಕ್ಕದ ಬೆಂಚಿನ ಮೇಲಿದ್ದೇನೆ. ವಯಸ್ಸಾಯಿತು. ನುಸಿ ಎರಡು ತೂತು ಮಾಡಿತು, ಮಾರ್ಟಿನ್ ಅವನ್ನು ಬಿಳಿ ಉಣ್ಣೆಯಲ್ಲಿ ಹೆಣೆದು ಮುಚ್ಚಿದ್ದಾನೆ. ಮುಚ್ಚುವ ಮೊದಲು ಚಳ್ಳಕೆರೆಗೆ ಫೋನು ಮಾಡಿ ಅತ್ತೆಯ ಅಪ್ಪಣೆ ಕೇಳಿದ. ನನ್ನನ್ನು ಮುಟ್ಟುವ ಮೊದಲು ಈಗ ಅವನು ಎಲ್ಲಕ್ಕೂ ಕೇಳುತ್ತಾನೆ. ಫೆಬ್ರವರಿ ಬಂದರೆ ಅವನ ಹೆಗಲೇರಿ ಹಬ್ಬಕ್ಕೆ ಹೋಗುತ್ತೇನೆ, ಬಾಗಿಲ ಹೆಂಗಸು ನನ್ನನ್ನು ತಪಾಸಣೆ ಮಾಡುವುದಿಲ್ಲ. ಎರಡು ದೇಶದ ಮಳೆ ಕಂಡೆ, ಗಂಜಿಯನ್ನೂ ಕಂಡೆ, ಬಿಸಿನೀರನ್ನೂ ಕಂಡೆ. ಯಾವುದು ಹೆಚ್ಚು ಎಂದು ಕೇಳಿದರೆ ಹೇಳಲಾರೆ. ಮಾಡಿದವರ ಮನಸ್ಸು ಎರಡರಲ್ಲೂ ಒಳ್ಳೆಯದೇ ಇತ್ತು.

ಮದುವೆಯ ದಿನದ ಮಾತೊಂದು ಉಳಿದಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಮದುವೆ ಹಟ್ಟಿಯಲ್ಲೇ ಆಯಿತು. ಮೈಲಾರಪ್ಪ ಆ ವರ್ಷದ ಉಣ್ಣೆಯಲ್ಲಿ ಹೊಸ ಕಂಬಳಿ ನೇಯಿಸಿದ್ದ, ಏಳು ಮೊಳದ್ದು. ಅದನ್ನು ಮಡಚಿ ಹಾಸಿದಾಗ ನಾಲ್ಕು ಜನ ಕೂರುವಷ್ಟಿತ್ತು. ನಾನು ನಿಂಗಮ್ಮನ ಹೆಗಲ ಮೇಲಿಂದ ನೋಡಿದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ರೇಣುಕ ಬಂದು ಕೂತಳು. ಮಾರ್ಟಿನ್ ಪಂಚೆ ಸರಿಮಾಡಿಕೊಂಡು ಪಕ್ಕದಿಂದ ಸರಿದು ಬಂದು, ಅಷ್ಟಗಲದ ಕಂಬಳಿಯ ತೀರ ಅಂಚಿನಲ್ಲಿ ಕೂತ. ಎಡ ತೊಡೆ ನೆಲದ ಮೇಲೆ, ಎಡಗೈ ಹಿಂದಕ್ಕೆ ಊರಿ.

ಹಿರಿಯರು ಒಳಕ್ಕೆ ಸರಿ ಎಂದು ಕೈ ಮಾಡಿದರು. ಅವನು ಸರಿಯಲಿಲ್ಲ. ರೇಣುಕ ಪಿಸುಗುಟ್ಟಿದಳು. ಅವನು ಗಂಭೀರವಾಗಿ ತಲೆಯಾಡಿಸಿ ಏನೋ ಉತ್ತರ ಕೊಟ್ಟ. ರೇಣುಕ ನಗುತ್ತಾ ತಾಯಿಗೆ ಹೇಳಿದಳು. ಅವತ್ತು ಅತ್ತೆ ಎರಡು ಸುತ್ತು ಬಂದು ನೋಡಿ ಒಪ್ಪಿದ್ದು ಹೀಗೆ ಕೂತದ್ದಕ್ಕೇ, ಗಂಡು ಅರ್ಧ ನೆಲದ ಮೇಲೆ ಕೂರುವುದೇ ನಿಮ್ಮ ಶಾಸ್ತ್ರ ಎಂದುಕೊಂಡಿದ್ದಾನೆ.

"ಹುಡುಗ ನೆಲ ಮುಟ್ಟವ್ನೆ, ಮುಹೂರ್ತ ಮೀರ್ತೈತೆ" ಎಂದು ಹಿರಿಯನೊಬ್ಬ ಗೊಣಗಿದ.

ನಿಂಗಮ್ಮ ಹೆಗಲಿನಿಂದ ನನ್ನನ್ನು ತೆಗೆದು, ಎರಡು ಮಡಿಕೆ ಮಾಡಿ, ಬಗ್ಗಿ ಅವನ ಎಡ ತೊಡೆಯ ಕೆಳಗೆ ತೂರಿಸಿದಳು. ಕೈ ತಗೊಳ್ಳಪ್ಪ ಎಂದು ಅವನ ಊರಿದ ಕೈಯನ್ನು ತಾನೇ ಎತ್ತಿ ಅವನ ಮಡಿಲಲ್ಲಿ ಇಟ್ಟಳು. ಆಗ ಅವನ ಭಾರ ಪೂರ್ತಿ ನನ್ನ ಮೇಲೆ ಬಿತ್ತು. ಆಳು ಸಣ್ಣವನಲ್ಲ. ಅಕ್ಕಿಕಾಳು ಬೀಳುವವರೆಗೂ, ಬಿದ್ದ ಮೇಲೂ, ಅವನನ್ನು ನೆಲ ಮುಟ್ಟಗೊಡಲಿಲ್ಲ ನಾನು.